ಚಿಮಣಿಯ ಮೂಗು ಹೇಳಿದ ಸುಳ್ಳು

"ನನ್ನ ಸೊಸೆ ಅಡುಗೆಗೆ ಉಪ್ಪು ಹಾಕೋದು ಮರೀತಾಳೆ. ಒಣಗಿದ ಬಟ್ಟೆ ಎತ್ತೋದು ಮರೀತಾಳೆ. ನನಗೆ ಎದುರುತ್ತರ ಕೊಡೋದೊಂದು ಮಾತ್ರ ಮರೆಯಲ್ಲ. ಅದೆಲ್ಲ ನಿಜ. ಆದ್ರೆ ಮೋಸ ಮಾಡೋಳಲ್ಲ ಬೂದಿಯಮ್ಮಾ. ಇವತ್ತು ನಾಲ್ಕು ಗಂಟೆಗೆ ಪೊಲೀಸ್ನೋರು ಬಂದು ಕರ್ಕೊಂಡು ಹೋಗ್ತಾರಂತೆ. ಏನಾದ್ರೂ ಮಾಡಿ."

ಅತ್ತೆಯೊಬ್ಬಳು ಸೊಸೆಯ ಪರವಾಗಿ ವಾದ ಮಾಡುವುದನ್ನು ಟಪಾಲು ಗುಮಾಸ್ತ ನೋಡಿದ್ದು ಅದೇ ಮೊದಲು. ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಹಾಗೇ ಕುಳಿತುಬಿಟ್ಟ. ಗಂಟೆ ಒಂಬತ್ತಾಗಿತ್ತು.

ಬೂದಿಯಮ್ಮ ಅವನ ದೊಡ್ಡಮ್ಮ. ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಿಸುವ ಆ ಸ್ಥಾವರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಬೂದಿ ಪರೀಕ್ಷೆ ಮಾಡಿ ನಿವೃತ್ತಳಾಗಿದ್ದಳು. ಹೆಸರೂ ಹಾಗೇ ಬಂದದ್ದು. ಈಗ ಅವನ ಕ್ವಾರ್ಟರ್ಸಿನಲ್ಲೇ ಇದ್ದಳು. ಕ್ಯಾಂಟೀನಿನ ತಕ್ಕಡಿ ಕಾಣೆಯಾದಾಗ, ನೀರಿನ ಟ್ಯಾಂಕಿಗೆ ಯಾರೋ ಡೀಸೆಲ್ ಸುರಿದಾಗ, ಕಾವಲುಗಾರರು ತಿಂಗಳುಗಟ್ಟಲೆ ಹುಡುಕಿದ್ದನ್ನು ಅವಳು ಎರಡು ದಿನದಲ್ಲಿ ಹಿಡಿದು ಕೊಟ್ಟಿದ್ದಳು. ಅಂದಿನಿಂದ ಕಾಲೊನಿಯ ಜನ ಠಾಣೆಗೆ ಹೋಗುವ ಮೊದಲು ಈ ಬಾಗಿಲಿಗೆ ಬರುತ್ತಿದ್ದರು. ಅವಳ ಎಲ್ಲ ಓಡಾಟದಲ್ಲೂ ಛತ್ರಿ ಹಿಡಿಯುವವನು ಗುಮಾಸ್ತನೇ.

"ರಜಾ ಚೀಟಿ ಬರಿ," ಎಂದಳು ದೊಡ್ಡಮ್ಮ. ಅವನು ಇನ್ನೊಂದು ಬೂಟನ್ನೂ ಹಾಕಿಕೊಂಡ.

ವಿಷಯ ಇಡೀ ಕಾಲೊನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಗಾಳಿಯ ಹೊಸ ನಿಯಮ ಬಂದಿತ್ತು. ಚಿಮಣಿಯ ಹೊಗೆಯಲ್ಲಿ ಗಂಧಕದ ಅಂಕಿ ಇನ್ನೂರು ದಾಟಬಾರದು. ದಾಟಿದರೆ ಘಟಕ ನಿಲ್ಲಿಸಬೇಕು. ಅದಕ್ಕೆಂದೇ ಚಿಮಣಿಯ ಪಕ್ಕ ಒಂದು ಗೋಪುರ ಎದ್ದಿತು. ಹೊಗೆ ಅದರೊಳಗೆ ಹಾಯುವಾಗ ಸುಣ್ಣದಕಲ್ಲಿನ ಪುಡಿ ಕಲಸಿದ ನೀರು ಮೇಲಿನಿಂದ ಸುರಿಯುತ್ತದೆ, ಗಂಧಕ ಆ ಸುಣ್ಣಕ್ಕೆ ಅಂಟಿಕೊಂಡು ಕೆಳಗಿಳಿಯುತ್ತದೆ. ಆಮೇಲೆ ಹೊಗೆ ಚಿಮಣಿ ಹತ್ತುತ್ತದೆ. ಚಿಮಣಿಯ ನಡುಮಟ್ಟದಲ್ಲಿ ಒಂದು ತಗಡಿನ ಗೂಡು, ಅದರಲ್ಲಿ ಹೊಗೆ ಮೂಸಿ ಅಂಕಿ ಹೇಳುವ ಯಂತ್ರ. ಎಲ್ಲರೂ ಅದನ್ನು ಮೂಗು ಎನ್ನುತ್ತಿದ್ದರು. ಮೂಗಿನ ಅಂಕಿ ಕಾಲುಗಂಟೆಗೊಮ್ಮೆ ಕಂಟ್ರೋಲ್ ರೂಮಿಗೂ, ದೂರದ ನಗರದಲ್ಲಿದ್ದ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಒಟ್ಟಿಗೇ ಹೋಗುತ್ತಿತ್ತು. ಅದನ್ನು ನೋಡಿಕೊಳ್ಳುವ ತಂತ್ರಜ್ಞೆ ಮೂಗಿನಕ್ಕ. ಬೆಳಿಗ್ಗೆ ಬಾಗಿಲಿಗೆ ಬಂದ ಅತ್ತೆಯ ಸೊಸೆ ಅವಳೇ.

ಹಿಂದಿನ ದಿನ ಮಂಡಳಿಯ ತನಿಖಾಧಿಕಾರಿ ಹೇಳದೆ ಕೇಳದೆ ಬಂದಿಳಿದಿದ್ದ. ತನ್ನದೇ ಅಳತೆಯ ಪೆಟ್ಟಿಗೆ ಹಿಡಿದು ಚಿಮಣಿ ಹತ್ತಿದ. ಮೂಗು ನೂರ ನಲವತ್ತು ಎನ್ನುತ್ತಿತ್ತು. ಅವನ ಪೆಟ್ಟಿಗೆ ಸಾವಿರದ ಐವತ್ತು ಎಂದಿತು. ಮೂಗಿಗೆ ಹೊಗೆ ಒಯ್ಯುವ ಕೊಳವೆಯ ಬೆಚ್ಚನೆ ಹೊದಿಕೆಯನ್ನು ಹರಿದು ನೋಡಿದರೆ ಒಳಗೊಂದು ತೆಳು ಪೈಪು, ಅದಕ್ಕೆ ಗಾಳಿ ಬಿಡಲು ಮುಚ್ಚಲು ಒಂದು ತಿರುಪು. ಯಂತ್ರಗಳಿಗೆ ಗಾಳಿ ಒಯ್ಯುವ ಲೈನಿನಿಂದ ಯಾರೋ ಕದ್ದು ಎಳೆದು, ಹೊಗೆಗೆ ಶುದ್ಧ ಗಾಳಿ ಬೆರೆಸುತ್ತಿದ್ದರು. ಗೂಡಿನ ಬೀಗ ಮುರಿದಿರಲಿಲ್ಲ. ಕೀಲಿಕೈ ಇದ್ದದ್ದು ಮೂಗಿನಕ್ಕನ ಸೊಂಟದ ಗೊಂಚಲಲ್ಲಿ ಮಾತ್ರ.

ಮೂಗಿನಕ್ಕ ಕೆಲಸದ ಸಮವಸ್ತ್ರದಲ್ಲೇ ಮನೆಯಲ್ಲಿ ಕುಳಿತಿದ್ದಳು. ಅತ್ತಿರಲಿಲ್ಲ. ಸಿಟ್ಟಿನಿಂದ ಮುಖ ಊದಿತ್ತು.

"ಕೀಲಿಕೈ ಎಷ್ಟಿದಾವೆ?" ಬೂದಿಯಮ್ಮ ನೇರವಾಗಿ ಕೇಳಿದಳು.

"ಒಂದೇ. ಹಳೇ ಬೀಗ ತುಕ್ಕು ಹಿಡಿದಿತ್ತು. ಎರಡು ತಿಂಗಳ ಹಿಂದೆ ಉಗ್ರಾಣದಿಂದ ಹೊಸದು ಕೊಟ್ರು. 'ಬೀಗ ಒಂದು, ಕೀಲಿಕೈ ಒಂದು' ಅಂತ ಸಹಿ ಹಾಕಿದೀನಿ."

"ಮೂಗು ಸುಳ್ಳು ಹೇಳ್ತಿದೆ ಅಂತ ನಿಂಗೆ ಅನುಮಾನ ಬರ್ಲೇ ಇಲ್ವಾ?"

"ಬಂತಲ್ಲ! ಹನ್ನೆರಡನೇ ತಾರೀಕು ಪಂಪು ರಿಪೇರಿಗೆ ಅಂತ ಗೋಪುರಾನ ಆರು ಗಂಟೆ ನಿಲ್ಲಿಸಿದ್ರು. ಮಂಡಳಿಗೆ ಮೊದಲೇ ಕಾಗದ ಕಳಿಸಿದ್ರೆ ಆ ಆರು ಗಂಟೆಗೆ ಶಿಕ್ಷೆ ಇಲ್ಲ. ಸುಣ್ಣದ ನೀರೇ ಇಲ್ಲ ಅಂದ್ಮೇಲೆ ಅಂಕಿ ಹತ್ತುಪಟ್ಟು ಏರಬೇಕು. ನೂರ ನಲವತ್ತು ಇದ್ದಿದ್ದು ನೂರ ಅರವತ್ತೈದಕ್ಕೆ ಹೋಗಿ ಕೂತ್ಕೊಳ್ತು. ಅವತ್ತೇ ಪರೀಕ್ಷೆ ಸಿಲಿಂಡರ್ ಕೇಳಿದೆ."

"ಅದೇನು?" ಎಂದ ಗುಮಾಸ್ತ.

"ಇಷ್ಟೇ ಗಂಧಕ ಇದೆ ಅಂತ ಗೊತ್ತಿರೋ ಅನಿಲ. ಅದನ್ನ ಮೂಸೋಕೆ ಕೊಟ್ರೆ ಮೂಗಿನ ಬಂಡವಾಳ ಬಯಲಾಗುತ್ತೆ. ತಿಂಗಳಿಗೊಂದು ಬರುತ್ತೆ. ಈ ತಿಂಗಳು ಇನ್ನೂ ಬಂದಿಲ್ಲ ಅಂದ್ರು. ಈಗ ಮುಖ್ಯಸ್ಥರು ಏನಂತಾರೆ ಗೊತ್ತಾ? ತಪ್ಪಿಸಿಕೊಳ್ಳೋಕೆ ಮೊದಲೇ ಕಾಗದ ಬರೆದಿಟ್ಟಿದೀಯ ಅಂತ."

"ಬಾಯಿ ಮುಚ್ಚಿಕೊಂಡಿದ್ರೆ ಕಳ್ಳಿ, ಬಿಟ್ರೆ ಜಾಣ ಕಳ್ಳಿ," ಎಂದಳು ಅತ್ತೆ. "ಯಾವ ಸೀಮೆ ನ್ಯಾಯ ಇದು?"

ಅಲ್ಲಿಂದ ಅವರು ಕಂಟ್ರೋಲ್ ರೂಮಿಗೆ ಹೋದರು. ಪಾಳಿ ಎಂಜಿನಿಯರನ್ನು ಎಲ್ಲರೂ ಗುಡುಗು ಎನ್ನುತ್ತಿದ್ದರು. ಅವನ ಪಿಸುಮಾತು ಪಕ್ಕದ ಕಟ್ಟಡಕ್ಕೆ ಕೇಳಿಸುತ್ತಿತ್ತು.

"ಹೌದ್ರೀ, ನಂಗೆ ಆ ಗೋಪುರ ಕಂಡ್ರೆ ಆಗಲ್ಲ!" ಎಂದು ಅವನು ಮೇಜು ಗುದ್ದಿದ. "ನಾವು ಬೆವರು ಸುರಿಸಿ ಕರೆಂಟು ಮಾಡ್ತೀವಿ, ನೂರರಲ್ಲಿ ಎರಡು ಪಾಲು ಅದರ ಪಂಪುಗಳೇ ತಿಂದು ತೇಗ್ತವೆ. ಊರಲ್ಲಿ ದೀಪ ಮಂದ ಆದ್ರೆ ಬೈಸಿಕೊಳ್ಳೋನು ನಾನು, ಹೊಗೆ ಜಾಸ್ತಿ ಆದ್ರೂ ಬೈಸಿಕೊಳ್ಳೋನು ನಾನು!"

"ಹನ್ನೆರಡನೇ ತಾರೀಕು ಅಂಕಿ ಏರಲಿಲ್ಲ. ನೀವು ನೋಡ್ಲಿಲ್ವಾ?"

"ನೋಡಿದೆ. ಮೂಗಿಗೆ ನೆಗಡಿ ಆಗಿದೆ ಅಂದ್ಕೊಂಡು ಸುಮ್ನಾದೆ. ಒಳ್ಳೆ ಅಂಕಿ ಕೊಡೋ ನೆಗಡಿಗೆ ಯಾರಾದ್ರೂ ಔಷಧಿ ಹುಡುಕ್ತಾರೇನ್ರೀ?"

ಹೊರಗೆ ಬಂದಾಗ ಗುಮಾಸ್ತ ಹೇಳಿದ: "ಇವನೇ ದೊಡ್ಡಮ್ಮ. ಬಾಯಲ್ಲೇ ಒಪ್ಪಿಕೊಂಡ ಹಾಗಾಯ್ತು."

"ಬೊಗಳೋ ನಾಯಿ ಕಚ್ಚಲ್ಲ ಅಂತ ನಾನು ಹೇಳಲ್ಲ. ಕೆಲವು ಎರಡೂ ಮಾಡ್ತವೆ," ಎಂದಳು ಅವಳು. "ನಡಿ, ಸುಣ್ಣದ ಗೋದಾಮಿಗೆ."

"ಅಲ್ಲೇನಿದೆ?"

"ನೂರ ನಲವತ್ತು, ನೂರ ಅರವತ್ತೈದು. ಎರಡು ಅಂಕಿನೂ ಬಾಯಿಪಾಠ ಮಾಡ್ಕೊಂಡು ಬಾ."

ಗೋದಾಮಿನ ಬಾಗಿಲಲ್ಲೇ ಉಗ್ರಾಣಾಧಿಕಾರಿ ಎದ್ದು ನಿಂತ. ಮಾತು ಅಷ್ಟು ನಯವಾಗಿದ್ದುದರಿಂದ ಅವನಿಗೆ ಬೆಣ್ಣೆ ಎಂಬ ಹೆಸರು ಬಿದ್ದಿತ್ತು. ನೆಲಕ್ಕೆ ಒಂದು ಕಾಗದದ ಚೂರು ಬಿದ್ದಿರಲಿಲ್ಲ. ಪ್ರತಿ ಗೂಡಿಗೂ ಒಂದು ಚೀಟಿ, ಚೀಟಿಯಲ್ಲಿ ಮುತ್ತಿನಂಥ ಅಕ್ಷರ.

"ಬನ್ನಿ ಅಮ್ಮಾ, ಎಷ್ಟು ದಿನ ಆಯ್ತು ನೋಡಿ! ಪಾಪ, ಆ ಹುಡುಗಿ ಹೀಗೆ ಮಾಡ್ಕೋಬಾರದಿತ್ತು. ನಾನೂ ಮೊದಲು ಫಿಟ್ಟರ್ ಆಗಿದ್ದೋನೇ, ಬೆನ್ನು ನೋವು ಬಂದು ಇಲ್ಲಿಗೆ ಬಂದೆ. ಕೆಲಸದೋರ ಕಷ್ಟ ನಂಗೊತ್ತು."

"ನಿಮಗೆ ಏಳು ಕಾಗದ ಬಂದಿದೆ, ನಾಳೆ ತರ್ತೀನಿ," ಎಂದ ಗುಮಾಸ್ತ.

"ಎಂಟು. ನಿನ್ನೆ ಒಂದು ನಿಮ್ಮಲ್ಲೇ ಉಳೀತು," ಎಂದು ಬೆಣ್ಣೆ ನಕ್ಕ. ಗುಮಾಸ್ತ ಬೆರಳು ಮಡಚಿ ಎಣಿಸಿ ನೋಡಿದ. ಎಂಟೇ.

ಬೂದಿಯಮ್ಮ ಗಿಡಗಳ ಬುಡಕ್ಕೆ ಒಂದು ಹಿಡಿ ಸುಣ್ಣದಕಲ್ಲಿನ ಪುಡಿ ಕೇಳಿದಳು. ಬೆಣ್ಣೆ ಮುಂದಿನ ಸಾಲಿನ ಚೀಲ ಬಿಚ್ಚಿ ತಾನೇ ಪೊಟ್ಟಣ ಕಟ್ಟಿಕೊಟ್ಟ. ಅಷ್ಟರಲ್ಲಿ ಅವಳಿಗೆ ತಲೆ ಸುತ್ತಿತು. "ಹಿಡ್ಕೊಳೋ!" ಎಂದವಳೇ ಗುಮಾಸ್ತನ ಮೇಲೆ ಒರಗಿದಳು. ಅವನು ಹಿಂದಿನ ಸಾಲಿನ ಚೀಲಗಳ ಮೇಲೆ ದೊಪ್ಪನೆ ಬಿದ್ದ. ಒಂದು ಚೀಲದ ಬಾಯಿ ಬಿಚ್ಚಿಕೊಂಡು ಮೊಣಕಾಲವರೆಗೆ ಪುಡಿ ಸುರಿಯಿತು. ಬೆಣ್ಣೆ ಬಟ್ಟೆ ತಂದು ಕೊಡವಲು ಬಂದ; ಅವಳು ಬಿಡಲಿಲ್ಲ. "ಇರಲಿ ಬಿಡಿ, ಮನೇಲಿ ಒಗೀತೀನಿ," ಎಂದು ಅವನನ್ನು ಎಳೆದುಕೊಂಡು ನಡೆದಳು.

ಮನೆಗೆ ಬಂದೊಡನೆ ಅವಳ ತಲೆಸುತ್ತು ನಿಂತಿತು. ಗುಮಾಸ್ತನನ್ನು ಹಳೆಯ ಪತ್ರಿಕೆಯ ಮೇಲೆ ನಿಲ್ಲಿಸಿ ಪ್ಯಾಂಟನ್ನು ಬ್ರಷ್ಷಿನಿಂದ ಉಜ್ಜಿದಳು. ಎರಡು ಗಾಜಿನ ಲೋಟ ತಂದಳು. ಒಂದಕ್ಕೆ ಬೆಣ್ಣೆ ಕೊಟ್ಟ ಪುಡಿ, ಇನ್ನೊಂದಕ್ಕೆ ಪ್ಯಾಂಟಿನ ಪುಡಿ. ಹಳೆಯ ಪೆಟ್ಟಿಗೆಯಿಂದ ಆಮ್ಲದ ಸೀಸೆ ತೆಗೆದು ಎರಡಕ್ಕೂ ನಾಲ್ಕು ಹನಿ ಬಿಟ್ಟಳು. ಮೊದಲನೆಯದು ಬುಸ್ಸೆಂದು ನೊರೆಯುಕ್ಕಿತು. ಎರಡನೆಯದು ಕಮಕ್ ಕಿಮಕ್ ಎನ್ನಲಿಲ್ಲ.

ಅವಳು ಎರಡನೆಯ ಪುಡಿಯನ್ನು ಬೆರಳ ನಡುವೆ ಉಜ್ಜಿ, ಹಳೆಯ ಗೆಳತಿ ಸಿಕ್ಕಿದಂತೆ ನಕ್ಕಳು.

"ಈಗ ಹೇಳು. ಗೋಪುರ ನಿಲ್ಲಿಸ್ತೀವಿ ಅನ್ನೋ ಕಾಗದ ಯಾರ್ಯಾರಿಗೆ ಹೋಗುತ್ತೆ?"

ಇದು ಅವನ ಕ್ಷೇತ್ರ. "ಐದು ಪ್ರತಿ. ಮುಖ್ಯಸ್ಥರು, ಪಾಳಿ ಎಂಜಿನಿಯರ್, ಮೂಗಿನಕ್ಕ, ಪ್ರಯೋಗಾಲಯ, ಮಂಡಳಿ. ಹನ್ನೊಂದನೇ ತಾರೀಕೇ ಹಂಚಿ ಸಹಿ ತಗೊಂಡೆ."

"ಉಗ್ರಾಣ?"

"ಪಟ್ಟಿಯಲ್ಲಿಲ್ಲ."

"ಪರೀಕ್ಷೆ ಸಿಲಿಂಡರ್?"

ಅವನು ಟಪಾಲು ಪುಸ್ತಕ ತಿರುವಿದ. "ಸಾಗಣೆ ಚೀಟಿ ಐದನೇ ತಾರೀಕೇ ಬಂದಿದೆ. ಉಗ್ರಾಣಕ್ಕೆ ನಾನೇ ಕೊಟ್ಟು..." ಅವನ ಬಾಯಿ ಹಾಗೇ ತೆರೆದು ನಿಂತಿತು.

"ಮುಚ್ಕೋ, ಬೂದಿ ಹೋಗುತ್ತೆ. ಮೂರೂವರೆಗೆ ಎಲ್ಲರನ್ನೂ ಮುಖ್ಯಸ್ಥರ ಕೋಣೆಗೆ ಕರಿ. ಮೊದಲು ಆ ತನಿಖಾಧಿಕಾರಿ ಹತ್ರ ಹೋಗಿ, ಸಿಕ್ಕಿದ ಪೈಪಿನ ಉದ್ದ ಯಾರಿಗಾದ್ರೂ ಹೇಳಿದಾರಾ ಕೇಳು. ಹೇಳಿಲ್ಲ ಅಂದ್ರೆ, ಹೇಳೋದೂ ಬೇಡ ಅನ್ನು."

ತನಿಖಾಧಿಕಾರಿ ಯಾರಿಗೂ ಹೇಳಿರಲಿಲ್ಲ. ಪೈಪನ್ನು ಸುರುಳಿ ಸುತ್ತಿ ಆಗಲೇ ಮೊಹರು ಹಾಕಿ ಇಟ್ಟಿದ್ದ.

ಮೂರೂವರೆಗೆ ಮುಖ್ಯಸ್ಥರ ಕೋಣೆ ತುಂಬಿತು. ಮೂಗಿನಕ್ಕ ಗೋಡೆಗೊರಗಿ ನಿಂತಿದ್ದಳು, ಪಕ್ಕದಲ್ಲಿ ಕರೆಯದೇ ಬಂದ ಅತ್ತೆ. ಗುಡುಗು ಕಿಟಕಿಯ ಬಳಿ, ಬೆಣ್ಣೆ ಕುರ್ಚಿಯ ತುದಿಯಲ್ಲಿ ವಿನಯವಾಗಿ. ತನಿಖಾಧಿಕಾರಿ ಮೇಜಿನ ಮೇಲೆ ಮೊಹರಿನ ಚೀಲ ಇಟ್ಟುಕೊಂಡಿದ್ದ. ಪಡಸಾಲೆಯಲ್ಲಿ ಇಬ್ಬರು ಪೊಲೀಸರು ಆಗಲೇ ಬಂದು ಚಹಾ ಕುಡಿಯುತ್ತಿದ್ದರು.

"ಅರ್ಧ ಗಂಟೆ ಇದೆ," ಎಂದರು ಮುಖ್ಯಸ್ಥರು. "ನೀವು ಹಳಬರು ಅಂತ ಒಪ್ಪಿದ್ದೀನಿ."

"ಇಪ್ಪತ್ತು ನಿಮಿಷ ಸಾಕು," ಎಂದು ಬೂದಿಯಮ್ಮ ತನಿಖಾಧಿಕಾರಿಯತ್ತ ತಿರುಗಿದಳು. "ನೀವು ಯಾಕೆ ಬಂದ್ರಿ?"

"ಹನ್ನೆರಡನೇ ತಾರೀಕಿನ ಅಂಕಿ ನೋಡಿ. ಗೋಪುರ ನಿಲ್ಲುತ್ತೆ ಅನ್ನೋ ಕಾಗದ ಕೈಲಿದೆ, ಅಂಕಿ ಮಾತ್ರ ಹಾಯಾಗಿ ಮಲಗಿದೆ. ಅನುಮಾನ ಬಂತು."

"ಸರಿ. ಈಗ ಎಲ್ಲರೂ ಕೇಳಿ. ಆ ಪೈಪಿಗೆ ಒಂದು ತಿರುಪು ಇತ್ತು. ಗೋಪುರ ನಿಂತಿದ್ದ ಆರು ಗಂಟೆ ಅದನ್ನ ಮುಚ್ಚಿದ್ರೆ ಅಂಕಿ ಸಾವಿರ ದಾಟಿರೋದು, ಶಿಕ್ಷೆನೂ ಇಲ್ಲ, ಅನುಮಾನನೂ ಇಲ್ಲ. ಹನ್ನೆರಡನೇ ತಾರೀಕು ಗೋಪುರ ನಿಲ್ಲುತ್ತೆ, ಮಂಡಳಿಯೋರು ದೊಡ್ಡ ಅಂಕಿ ಕಾಯ್ತಿರ್ತಾರೆ ಅಂತ ಹಿಂದಿನ ದಿನವೇ ಗೊತ್ತಿದ್ದ ಕಳ್ಳ ಅದನ್ನ ಮುಚ್ಚದೇ ಬಿಡ್ತಾನಾ? ಮುಖ್ಯಸ್ಥರಿಗೆ ಗೊತ್ತಿತ್ತು. ಗುಡುಗಿಗೆ ಗೊತ್ತಿತ್ತು. ಮೂಗಿನಕ್ಕನಿಗೆ, ಪ್ರಯೋಗಾಲಯಕ್ಕೆ ಗೊತ್ತಿತ್ತು. ಸಹಿ ಇದೆ ಟಪಾಲು ಪುಸ್ತಕದಲ್ಲಿ. ಪೈಪು ಹಾಕಿದೋನಿಗೆ ಆ ಕಾಗದ ಹೋಗಿರಲಿಲ್ಲ."

ಗುಡುಗು ಮೊದಲ ಸಲ ಮೆಲ್ಲಗೆ ಉಸಿರು ಬಿಟ್ಟ.

"ಎರಡನೇ ಮಾತು. ನೂರ ನಲವತ್ತು ಇದ್ದಿದ್ದು ನೂರ ಅರವತ್ತೈದು ಯಾಕಾಯ್ತು? ಹಾಲಿಗೆ ಎಷ್ಟು ಬೇಕಾದ್ರೂ ನೀರು ಬೆರೆಸಿ. ಹಾಲೇ ಹತ್ತುಪಟ್ಟು ಗಟ್ಟಿಯಾದ್ರೆ, ಅಷ್ಟೇ ನೀರು ಬೆರೆಸಿದ ಹಾಲೂ ಹತ್ತುಪಟ್ಟು ಗಟ್ಟಿಯಾಗ್ಬೇಕು. ಹಾಗೇ ಗೋಪುರ ಸರಿಯಾಗಿ ತೊಳೀತಿದ್ದು ನಿಂತಿದ್ರೆ, ಗಾಳಿ ಬೆರೆಸಿದ ಮೂಗಿನಲ್ಲೂ ಅಂಕಿ ಹತ್ತುಪಟ್ಟು ಏರ್ಬೇಕಿತ್ತು. ಏರಿದ್ದು ಆರರಲ್ಲಿ ಒಂದು ಪಾಲು. ಅಂದ್ರೆ?"

ಉತ್ತರ ಕೊಟ್ಟದ್ದು ಮೂಗಿನಕ್ಕ. ಗೋಡೆಯಿಂದ ಒಮ್ಮೆಲೇ ಮುಂದೆ ಬಂದಳು. "ಅಂದ್ರೆ ಗೋಪುರ ಓಡ್ತಿರುವಾಗ್ಲೂ ತೊಳೀತಿರಲಿಲ್ಲ! ಬರೀ ನೀರು ಸುರೀತಿತ್ತು!"

"ನನ್ನ ಎರಡು ಪಾಲು ಕರೆಂಟು ತಿಂದು ಹೊಗೆಗೆ ಬರೀ ಸ್ನಾನ ಮಾಡಿಸ್ತಿತ್ತಾ?" ಎಂದು ಗುಡುಗು ಗುಡುಗಿದ. ಪಡಸಾಲೆಯಲ್ಲಿ ಲೋಟ ಬಿದ್ದ ಸದ್ದಾಯಿತು.

ಬೂದಿಯಮ್ಮ ಎರಡು ಲೋಟ ಮೇಜಿನ ಮೇಲಿಟ್ಟು, ಎರಡಕ್ಕೂ ಪುಡಿ ಹಾಕಿ ಆಮ್ಲ ಬಿಟ್ಟಳು. ಒಂದು ನೊರೆಯುಕ್ಕಿತು. ಇನ್ನೊಂದು ಸತ್ತಂತೆ ಬಿದ್ದಿತ್ತು. "ನೊರೆ ಬಂದಿದ್ದು ಗೋದಾಮಿನ ಮುಂದಿನ ಸಾಲು. ಅದು ಸುಣ್ಣದಕಲ್ಲು. ಪ್ರಯೋಗಾಲಯಕ್ಕೆ ಮಾದರಿ ಹೋಗೋದು ಅಲ್ಲಿಂದ. ಗೋಪುರಕ್ಕೆ ಹೋಗೋದು ಹಿಂದಿನ ಸಾಲು. ಅದು ನಮ್ಮದೇ ಬೂದಿ. ನಮ್ಮ ಬೂದಿ ಹೊಂಡದಿಂದ ಹೊರಗೆ ಹೋಗಿ, ಚೀಲ ಹೊಲಿಸಿಕೊಂಡು, ಸುಣ್ಣ ಅನ್ನೋ ಹೆಸರಲ್ಲಿ ತವರಿಗೆ ವಾಪಸ್ ಬಂದಿದೆ. ಮೂವತ್ತು ವರ್ಷ ಅದರ ಮುಖ ನೋಡಿದೀನಿ, ಗುರುತು ಸಿಗದೇ ಇರುತ್ತಾ?"

ಎಲ್ಲರ ಕಣ್ಣೂ ಬೆಣ್ಣೆಯ ಮೇಲೆ ಹೋಯಿತು. ಅವನ ಮುಖದ ನಗು ಅಲುಗಲಿಲ್ಲ.

"ಗುತ್ತಿಗೆದಾರ ನನಗೇ ಮೋಸ ಮಾಡಿದಾನೆ ಅಮ್ಮಾ. ನಾನು ಚೀಲ ಎಣಿಸೋನು, ರುಚಿ ನೋಡೋನಲ್ಲ. ಚಿಮಣಿ ವಿಷಯ ನನಗೆ ಹೇಗೆ ಗೊತ್ತಾಗ್ಬೇಕು? ಕೀಲಿಕೈ ಇರೋದು ಒಂದೇ."

"ಹೊಸ ಬೀಗ ಒಂದೇ ಕೀಲಿಕೈ ಜೊತೆ ಬರೋದನ್ನ ನಾನು ನೋಡಿಲ್ಲ. ಇರಲಿ. ಐದನೇ ತಾರೀಕು ಬಂದ ಸಿಲಿಂಡರ್, ಹನ್ನೆರಡಕ್ಕೆ ಯಾಕೆ ಬಂದಿರಲಿಲ್ಲ? ಅದೂ ಇರಲಿ." ಅವಳು ಕೈಯಾಡಿಸಿ ಅದನ್ನೆಲ್ಲ ಪಕ್ಕಕ್ಕೆ ಸರಿಸಿದಂತೆ ಮಾಡಿ, ತನಿಖಾಧಿಕಾರಿಯತ್ತ ತಿರುಗಿದಳು. "ನೀವು ಬರ್ಕೊಳ್ಳಿ ಸಾರ್. ಕಳುವಾದ ಮಾಲು: ಉಗ್ರಾಣದ ತೆಳು ಪೈಪು, ಆರು ಮೀಟರ್."

"ನಾಲ್ಕೂವರೆ," ಎಂದ ಬೆಣ್ಣೆ.

ಅವನ ಬಾಯಿಂದ ಅದು ಸೀನಿನಂತೆ ಹೊರಬಿದ್ದಿತ್ತು. ಇಪ್ಪತ್ತೆರಡು ವರ್ಷ ಉಗ್ರಾಣದಲ್ಲಿ ಕೂತವನು ಕಳ್ಳತನ ಸಹಿಸಬಲ್ಲ, ಬೂದಿಯನ್ನು ಸುಣ್ಣ ಎಂದು ಬರೆಯಬಲ್ಲ. ತನ್ನೆದುರು ಯಾರಾದರೂ ತಪ್ಪು ಅಳತೆ ಹೇಳಿದರೆ ಮಾತ್ರ ತಡೆದುಕೊಳ್ಳಲಾರ. ತನಿಖಾಧಿಕಾರಿ ಮೊಹರು ಒಡೆದು ಪೈಪನ್ನು ಮೇಜಿನುದ್ದಕ್ಕೆ ಹಾಸಿ ಟೇಪು ಹಿಡಿದ.

"ನಾಲ್ಕೂವರೆ ಮೀಟರ್. ಇದನ್ನ ನಾನು ಯಾರ ಮುಂದೆಯೂ ಬಿಚ್ಚಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ನಾನು... ಅಂದಾಜು..."

"ನೀನು ಜನ್ಮದಲ್ಲಿ ಅಂದಾಜು ಹೇಳಿದೋನಲ್ಲ," ಎಂದರು ಮುಖ್ಯಸ್ಥರು. ಅವರ ಕಿವಿ ಕೆಂಪಾಗಿತ್ತು.

ಪೊಲೀಸರು ನಾಲ್ಕಕ್ಕೆ ಸರಿಯಾಗಿ ಒಳಗೆ ಬಂದರು. ಜೊತೆಗೆ ಕರೆದುಕೊಂಡು ಹೋದದ್ದು ಬೆಣ್ಣೆಯನ್ನು. ಅವನ ಮೇಜಿನ ಖಾನೆಯಲ್ಲಿ ಎರಡನೆಯ ಕೀಲಿಕೈ ಸಿಕ್ಕಿತು, ಅದಕ್ಕೂ ಒಂದು ಚೀಟಿ ಕಟ್ಟಿತ್ತು. ಪಡಸಾಲೆ ದಾಟುವಾಗ ಅವನು ಎಲ್ಲ ಹೇಳಿಬಿಟ್ಟ. ಗುತ್ತಿಗೆದಾರನಿಗೂ ಅವನಿಗೂ ಪಾಲು. ಬೂದಿಯಿಂದ ಅಂಕಿ ಏರತೊಡಗಿದರೆ ಎಲ್ಲರೂ ಮೊದಲು ಸುಣ್ಣದ ಚೀಲ ಬಿಚ್ಚುತ್ತಾರೆಂದು ಹೆದರಿ, ಆ ತಿಂಗಳ ಮೊದಲ ರಜಾದಿನ ಮಧ್ಯಾಹ್ನ ಹಳೆಯ ಫಿಟ್ಟರ್ ಕೈಚಳಕ ತೋರಿಸಿದ್ದ.

ಆದರೆ ಕೋಣೆಯಲ್ಲಿ ಯಾರೂ ಏಳಲಿಲ್ಲ. ತನಿಖಾಧಿಕಾರಿ ಪೆನ್ನು ಮುಚ್ಚಿರಲಿಲ್ಲ.

"ಕಳ್ಳ ಸಿಕ್ಕ. ಹೊಗೆ ಇನ್ನೂ ಸಾವಿರದ ಐವತ್ತೇ ಇದೆ," ಎಂದ ಅವನು. "ನಿಯಮದ ಪ್ರಕಾರ ಘಟಕ ನಿಲ್ಲಿಸ್ಬೇಕು."

"ನಿಲ್ಲಿಸಿದ್ರೆ ಸಂಜೆ ಅರ್ಧ ಊರು ಕತ್ತಲೆ," ಎಂದರು ಮುಖ್ಯಸ್ಥರು.

"ಮುಂದಿನ ಸಾಲಿನ ಚೀಲ ಅಸಲಿ ತಾನೆ?" ಮೂಗಿನಕ್ಕ ಕೇಳಿದಳು. "ಮೂರು ದಿನಕ್ಕೆ ಸಾಕು. ಅದನ್ನ ಈಗಲೇ ಗೋಪುರಕ್ಕೆ ಹಾಕಿಸಿ, ಉತ್ಪಾದನೆ ಅರ್ಧಕ್ಕೆ ಇಳಿಸಿ. ಸಂಜೆ ಆರು ಗಂಟೆ ಒಳಗೆ ಇನ್ನೂರರ ಕೆಳಗೆ ಬರ್ಲಿಲ್ಲ ಅಂದ್ರೆ ನಿಲ್ಲಿಸಿ."

ತನಿಖಾಧಿಕಾರಿ ಗಡಿಯಾರ ನೋಡಿದ. "ಆರು ಗಂಟೆ. ಒಂದು ನಿಮಿಷ ಹೆಚ್ಚಿಲ್ಲ. ಆದರೆ ಅಂಕಿ ನಂಬೋದು ಹೇಗೆ?"

"ಮೊದಲು ಸಿಲಿಂಡರ್ ಮೂಸೋಕೆ ಕೊಡ್ತೀನಿ. ನೀವೂ ಮೇಲೆ ಬನ್ನಿ."

"ನೀವು ನಾಳೆಯಿಂದ ಕೆಲಸಕ್ಕೆ ಬನ್ನಿ ಅಮ್ಮಾ, ಇವತ್ತು ಸುಸ್ತಾಗಿದೀರಿ..." ಎಂದು ಮುಖ್ಯಸ್ಥರು ಶುರುಮಾಡಿದರು.

"ಸುಸ್ತು ಮಾಡಿದ್ದು ಯಾರು?" ಎಂದು ಮೂಗಿನಕ್ಕ ಹೆಲ್ಮೆಟ್ ಹಾಕಿಕೊಂಡಳು. ಅತ್ತೆ ಹೆಮ್ಮೆಯಿಂದ ಎಲ್ಲರ ಮುಖ ನೋಡಿದಳು: ಕೇಳಿದ್ರಾ, ಇದೇ ಎದುರುತ್ತರ, ಎನ್ನುವಂತೆ.

ಉಗ್ರಾಣದಲ್ಲಿ ಬೆಣ್ಣೆ ಅಡಗಿಸಿಟ್ಟಿದ್ದ ಸಿಲಿಂಡರನ್ನು ಇಬ್ಬರು ಹಮಾಲರು ಹೊತ್ತು ಹತ್ತಿದರು. ಐನೂರರ ಅನಿಲ ಮೂಸಿದ ಮೂಗು ಐನೂರು ಎಂದಿತು. ಕೆಳಗೆ ಗೋಪುರಕ್ಕೆ ಚೀಲದ ಮೇಲೆ ಚೀಲ ಬಿದ್ದವು. ಕಂಟ್ರೋಲ್ ರೂಮಿನಲ್ಲಿ ಬೂದಿಯಮ್ಮನಿಗೊಂದು ಕುರ್ಚಿ ಹಾಕಿದ್ದರು, ಗುಮಾಸ್ತ ಹಿಂದೆ ನಿಂತಿದ್ದ. ಪರದೆಯಲ್ಲಿ ಮೊದಲು ಒಂಬೈನೂರ ಎಂಬತ್ತು ಬಂತು. ಕಾಲುಗಂಟೆ ಬಿಟ್ಟು ಏಳುನೂರ ಮೂವತ್ತು. ಆಮೇಲೆ ನಾನೂರ ಹತ್ತು. ಇನ್ನೂರ ಆರಕ್ಕೆ ಬಂದು ಎರಡು ಸಲ ಹಾಗೇ ನಿಂತಾಗ ಗುಡುಗು ಪರದೆಗೆ ಮೂಗು ತಾಗಿಸಿ, "ಇಳಿಯೋ, ನನ್ನಪ್ಪಾ, ಇಳಿಯೋ," ಎಂದು ಬೇಡಿಕೊಂಡ. ಗೋಪುರ ಕಂಡರಾಗದವನು.

ಐದೂ ಮುಕ್ಕಾಲಿಗೆ ಅಂಕಿ ಬದಲಾಯಿತು. ನೂರ ಇಪ್ಪತ್ತೆಂಟು.

ಗುಡುಗು ಚಿಮಣಿಯ ಫೋನ್ ಎತ್ತಿ ಕೂಗಿದ: "ನೂರ ಇಪ್ಪತ್ತೆಂಟು! ಕೇಳಿಸ್ತಾ? ನೂರ ಇಪ್ಪತ್ತೆಂಟು!"

ಫೋನಿನಲ್ಲಿ ಗಾಳಿಯ ಸದ್ದಿನ ನಡುವೆ ಮೂಗಿನಕ್ಕನ ಧ್ವನಿ ಬಂತು. "ಫೋನ್ ಇಟ್ಟುಬಿಡಿ ಸಾರ್. ಅದಿಲ್ಲದೇನೂ ಕೇಳಿಸ್ತು."